ಮೀಸೆ ಇರುವ ರೇಷ್ಮೆ ಹುಳು

ಮರಿಮಲ್ಲಪ್ಪ ಯಾರಿಗಾದರೂ 'ಇಲ್ಲ' ಎಂದದ್ದನ್ನು ಗುಂಡ್ಲುಪೇಟೆಯಲ್ಲಿ ಕೇಳಿದವರಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅವನು ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಕಳೆದಿದ್ದ. ಅಮಲ್ದಾರರು ಕಿಟಕಿ ತೆಗೆ ಎಂದರೆ 'ಹೌದೌದು' ಎನ್ನುತ್ತಿದ್ದ. ಅದೇ ಗಳಿಗೆಯಲ್ಲಿ ಶಿರಸ್ತೇದಾರರು ಕಿಟಕಿ ಮುಚ್ಚು ಎಂದರೂ 'ಹೌದೌದು' ಎನ್ನುತ್ತಿದ್ದ. ಹೀಗಾಗಿ ಆ ಕಿಟಕಿ ಇಪ್ಪತ್ತೆರಡು ವರ್ಷವೂ ಅರ್ಧ ತೆರೆದೇ ಇತ್ತು. ಒಂದು ಬದುವಿನ ವ್ಯಾಜ್ಯದಲ್ಲಿ ವಾದಿ, ಪ್ರತಿವಾದಿ ಇಬ್ಬರೂ ಅವನನ್ನೇ ಸಾಕ್ಷಿಯಾಗಿ ಹೆಸರಿಸಿದ್ದರೆಂದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ.

ಅವನ ಹೆಂಡತಿ ಶಿವರುದ್ರಮ್ಮನನ್ನು ನೆರೆಹೊರೆಯ ಹೆಂಗಸರು ಪುಣ್ಯವಂತೆ ಎನ್ನುತ್ತಿದ್ದರು. ಗಂಡ ಎದುರು ಮಾತಾಡುವುದಿಲ್ಲ, ಜಗಳವಿಲ್ಲದ ಸಂಸಾರ ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಜಗಳವಾಡುವುದಕ್ಕೂ ಎದುರಿಗೆ ಒಬ್ಬರು ಬೇಕು ಎಂಬುದು ಅವರಿಗೆ ಹೊಳೆದಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದರೂ ಹೌದೌದು, ಕಡಿಮೆಯಾಯಿತೇ ಎಂದರೂ ಹೌದೌದು ಎನ್ನುವ ಮನುಷ್ಯನ ಜೊತೆ ಇಪ್ಪತ್ತನಾಲ್ಕು ವರ್ಷ ಬದುಕುವುದೆಂದರೆ ಬಾವಿಯೊಳಗೆ ಬಗ್ಗಿ ಮಾತಾಡಿದ ಹಾಗೆ. ನಮ್ಮ ದನಿಯೇ ನಮಗೆ ವಾಪಸು ಬರುತ್ತದೆ.

ಆ ಮನೆಯಲ್ಲಿ ಅವಳ ಮಾತಿಗೆ ಹೂಂಗುಟ್ಟದೆ ಇದ್ದ ಜೀವ ಒಂದೇ. ಅದು ಪುಟ್ಟಿ ಎಂಬ ಬೂದು ಪಟ್ಟೆಯ ಬೆಕ್ಕು. ಮಗಳನ್ನು ಮದುವೆ ಮಾಡಿ ಕಳಿಸಿದ ವರ್ಷ ಹಿತ್ತಿಲ ಬೇಲಿ ನುಸುಳಿ ಬಂದದ್ದು. 'ಬಾ' ಎಂದರೆ ಹೋಗುತ್ತಿತ್ತು, 'ಹೋಗು' ಎಂದರೆ ಕೂರುತ್ತಿತ್ತು. ಹಾಲು ತಣ್ಣಗಿದ್ದರೆ ಮುಖ ತಿರುಗಿಸುತ್ತಿತ್ತು. ಮಧ್ಯಾಹ್ನದ ಹೊತ್ತು ಶಿವರುದ್ರಮ್ಮ ಅಕ್ಕಿ ಆರಿಸುತ್ತ ಅದರ ಮುಂದೆ ಮನಸ್ಸಿನಲ್ಲಿದ್ದುದನ್ನೆಲ್ಲ ಆಡುತ್ತಿದ್ದಳು. ಅದು ಒಪ್ಪದ ಮುಖ ಮಾಡಿಕೊಂಡು ಪೂರ್ತಿ ಕೇಳುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಐವತ್ತೈದನೇ ಇಸವಿಯ ಬೇಸಗೆಯಲ್ಲಿ ಮರಿಮಲ್ಲಪ್ಪನಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ಅಲ್ಲಿ ಅವನ ಅಕ್ಕ ದೊಡ್ಡಮಲ್ಲಮ್ಮನ ಮನೆಯ ಹಿಂಭಾಗದ ಎರಡು ಕೋಣೆ ಖಾಲಿ ಇದ್ದವು.

"ಪುಟ್ಟೀನೂ ಬರ್ತಾಳೆ ತಾನೇ?" ಎಂದು ಶಿವರುದ್ರಮ್ಮ ಕೇಳಿದಳು.

"ಹೌದೌದು," ಎಂದ.

ಮೂರು ದಿನದ ಮೇಲೆ ಅವನ ಕೋಟು ಒಗೆಯಲು ತೆಗೆದಾಗ ಜೇಬಿನಲ್ಲಿ ಅಕ್ಕನ ಕಾರ್ಡು ಸಿಕ್ಕಿತು. 'ನೀನು ಒಪ್ಪಿ ಬರೆದಂತೆ ಬೆಕ್ಕನ್ನು ಅಲ್ಲೇ ಬಿಟ್ಟು ಬರತಕ್ಕದ್ದು. ಪೂಜೆಯ ಹಾಲಿಗೆ ಬಾಯಿ ಹಾಕುವ ಪ್ರಾಣಿ ಈ ಮನೆಗೆ ಆಗದು.'

ಶಿವರುದ್ರಮ್ಮ ಕಾರ್ಡನ್ನು ಒಣಗಿದ ಕೋಟಿನೊಳಗೆ ಮತ್ತೆ ಇಟ್ಟಳು. ಗಂಡನಿಗೆ ಏನೂ ಹೇಳಲಿಲ್ಲ. ಅವನ 'ಹೌದು' ಯಾರು ಹತ್ತಿರ ನಿಂತಿರುತ್ತಾರೋ ಅವರ ಕಡೆಗೆ ವಾಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅಕ್ಕ ಇಪ್ಪತ್ತೆರಡು ಮೈಲಿ ದೂರ, ತಾನು ಪಕ್ಕದಲ್ಲೇ. ಬೆಕ್ಕನ್ನು ಅಲ್ಲಿಯವರೆಗೆ ಮುಟ್ಟಿಸಿದರೆ ಆಯಿತು, ಮುಂದಿನದು ನೋಡಿಕೊಳ್ಳೋಣ ಎಂದುಕೊಂಡಳು.

ಮುಟ್ಟಿಸುವುದೇನೂ ಸುಲಭವಿರಲಿಲ್ಲ. ಬೆಳಗಿನ ಬಸ್ಸಿನ ಡ್ರೈವರು ದೊಡ್ಡಬೀರಯ್ಯ ಬೆಕ್ಕಿನ ವಿಷಯದಲ್ಲಿ ಇಡೀ ತಾಲ್ಲೂಕಿಗೆ ಹೆಸರಾದವನು. ಹಿಂದೊಮ್ಮೆ ಊರಾಚೆ ಬೆಕ್ಕು ಅಡ್ಡ ಬಂತೆಂದು ಬಸ್ಸನ್ನು ಅರ್ಧ ಮೈಲಿ ಹಿಂದಕ್ಕೇ ಓಡಿಸಿಕೊಂಡು ಬಂದು, ಎಲ್ಲರನ್ನೂ ಇಳಿಸಿ, ಕಾಲು ತೊಳೆಸಿ, ಮತ್ತೆ ಹತ್ತಿಸಿದ್ದ. ಅದರಲ್ಲಿ ಒಬ್ಬ ಸಬ್ ರಿಜಿಸ್ಟ್ರಾರರೂ ಇದ್ದರು.

ಶಿವರುದ್ರಮ್ಮ ಒಂದು ವಾರ ಮುಂಚೆಯೇ ತಯಾರಿ ಶುರುಮಾಡಿದಳು. ಮುಚ್ಚಳವಿರುವ ಅಗಲವಾದ ಬಿದಿರಿನ ಬುಟ್ಟಿ ಕೊಂಡು, ಒಳಗೆ ಗಂಡನ ಹಳೆಯ ಪಂಚೆ ಹಾಸಿ, ಪುಟ್ಟಿಗೆ ಅದರಲ್ಲೇ ಮಲಗುವ ಅಭ್ಯಾಸ ಮಾಡಿಸಿದಳು. ಪರಿಚಯದ ವಾಸನೆ ಇದ್ದರೆ ಪ್ರಾಣಿ ಹೆದರುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ಹೊಟ್ಟೆ ತುಂಬ ಕೊಡದೆ ಎರಡು ಗುಟುಕು ಹಾಲು ಮಾತ್ರ ಕುಡಿಸಿದಳು. ದಾರಿ ಕಂಡರೆ ಬೆಕ್ಕು ತಿರುಗಿ ಹಳೆಯ ಮನೆಗೇ ಬರುತ್ತದೆಂದು ಅವಳ ತಾಯಿ ಹೇಳುತ್ತಿದ್ದುದರಿಂದ ಮುಚ್ಚಳದ ಮೇಲೆ ಬಿಳಿಯ ಬಟ್ಟೆ ಕಟ್ಟಿದಳು. ಸೆಖೆಗೆ ತಂಪಿರಲೆಂದು ಆ ಬಟ್ಟೆಯನ್ನು ಒದ್ದೆ ಮಾಡಿದಳು.

"ಯಾರು ಏನ್ ಕೇಳುದ್ರೂ ಬಾಯಿ ಬುಡಬ್ಯಾಡಿ. ನಾನು ಮಾತಾಡ್ತೀನಿ," ಎಂದಳು.

"ಹೌದೌದು," ಎಂದ ಮರಿಮಲ್ಲಪ್ಪ.

ಬಸ್ಸಿನ ಟಾಪಿನ ಮೇಲೆ ಟ್ರಂಕು, ಹಾಸಿಗೆ ಸುರುಳಿ ಕಟ್ಟಿಸುವಾಗ ಅವಳು ಕೆಳಗೆ ನಿಂತಿದ್ದಳು. ಎರಡೇ ನಿಮಿಷ. ಗಂಡ ಬುಟ್ಟಿ ಹಿಡಿದುಕೊಂಡು ಒಳಗೆ ಹೋಗಿದ್ದ.

ಅವಳು ಹತ್ತಿ ನೋಡಿದಾಗ ಬಸ್ಸು ಬಸ್ಸಿನ ಹಾಗಿರಲಿಲ್ಲ. ಒಬ್ಬನ ಬಾಯಲ್ಲೂ ಬೀಡಿ ಇರಲಿಲ್ಲ. ಎಲೆ ಅಡಿಕೆ ಹಾಕುತ್ತಿದ್ದ ಮುದುಕನೊಬ್ಬ ಸುಣ್ಣದ ಡಬ್ಬಿಯನ್ನು ತಪ್ಪು ಮಾಡಿದವನಂತೆ ಸೊಂಟಕ್ಕೆ ಸಿಕ್ಕಿಸುತ್ತಿದ್ದ. ಮುಂದಿನ ಸೀಟಿನ ಕಿಟಕಿಗೆ ಯಾರದೋ ಟವೆಲ್ಲು ಪರದೆಯಾಗಿತ್ತು. ಅದರ ನೆರಳಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮರಿಮಲ್ಲಪ್ಪ ಬೆವರುತ್ತಿದ್ದ. ಪಕ್ಕದಲ್ಲಿ ಭೀಮನಬೀಡಿನ ಚಿಕ್ಕನಿಂಗಮ್ಮ ಎಂಬ ದಪ್ಪನೆಯ ಹೆಂಗಸು ಕಾವಲುಗಾತಿಯಂತೆ ಕೂತಿದ್ದಳು. ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕಿದ ಕೈ ಅದು.

"ಬಾ ತಾಯಿ, ಇಲ್ಲೇ ಕುಂತ್ಕ," ಎಂದು ಅವಳು ಜಾಗ ಬಿಟ್ಟಳು. "ನಿಮ್ಮ ಯಜಮಾನ್ರು ಎಲ್ಲಾ ಹೇಳುದ್ರು."

"ಏನ್ ಹೇಳುದ್ರು?"

"ಒದ್ದೆ ಬಟ್ಟೆ ಕಂಡೇಟ್ಗೆ ನಂಗೆ ಗೊತ್ತಾಗೋಯ್ತು. ಉಳ ಅಲ್ವಾ ಬುದ್ಧಿ ಅಂದೆ. ಹೌದೌದು ಅಂದ್ರು. ನಾಕನೇ ಜ್ವರ ಎದ್ದವಾ ಅಂದೆ. ಹೌದೌದು ಅಂದ್ರು. ಸೊಪ್ಪು ಸಾಲ್ದೆ ನೆಂಟರ ಮನೆಗೆ ಸಾಗುಸ್ತಾ ಇದ್ದೀರಾ ಅಂದೆ. ಪಾಪ, ಅದಕ್ಕೂ ಹೌದೌದು ಅಂದ್ರು. ಕಣ್ಣಲ್ಲಿ ನೀರೇ ಬಂದೋಯ್ತು ಅವ್ರಿಗೆ."

ರೇಷ್ಮೆ ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ದಾಟಿದ ಹುಳುವೆಂದರೆ ಇನ್ನು ಎಂಟು ದಿನಕ್ಕೆ ಗೂಡು ಕಟ್ಟುವಂಥದ್ದು. ಅಂಥ ಹುಳುವಿರುವ ಕಡೆ ಹೊಗೆಸೊಪ್ಪು, ಸುಣ್ಣ, ಒಗ್ಗರಣೆಯ ಘಾಟು ಯಾವುದೂ ಸುಳಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕಂಡವರ ಕಣ್ಣು ಬೀಳಬಾರದು.

ಶಿವರುದ್ರಮ್ಮ ಗಂಡನ ಕಡೆ ನೋಡಿದಳು. ಅವನು ಬಸ್ಸಿನ ಸೂರನ್ನು ನೋಡುತ್ತಿದ್ದ. ನಿಜ ಹೇಳಿಬಿಡೋಣವೆಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನ ಸೀಟಿನವನೊಬ್ಬ ಬಗ್ಗಿ, ಬಟ್ಟೆಯ ತುದಿ ಎತ್ತಿ ಇಣುಕಲು ನೋಡಿದ. ಚಿಕ್ಕನಿಂಗಮ್ಮ ಅವನ ಕೈಗೆ ಫಟ್ಟೆಂದು ಹೊಡೆದಳು.

"ಕಣ್ಣಾಯ್ತದೆ ಕಣ್ಲಾ! ನಿನ್ ಮನೆ ಉಳ ಆಗಿದ್ರೆ ತೋರುಸ್ತಿದ್ದಾ?"

ಶಿವರುದ್ರಮ್ಮ ನಾಲಿಗೆಯ ತುದಿಯಲ್ಲಿದ್ದುದನ್ನು ನುಂಗಿ, ನೆಮ್ಮದಿಯಾಗಿ ಕೂತಳು. ಇಂಥ ಕಾವಲು ಮಹಾರಾಜರ ಸಾರೋಟಿಗೂ ಸಿಕ್ಕುವುದಿಲ್ಲ.

"ಬೀರಣ್ಣಾ, ಮೆತ್ತುಗ್ ಬುಡು!" ಎಂದು ಚಿಕ್ಕನಿಂಗಮ್ಮ ಡ್ರೈವರಿಗೆ ಕೂಗಿದಳು. "ಉಳ ಅದೆ, ಕುಲುಕಬಾರ್ದು!"

ದೊಡ್ಡಬೀರಯ್ಯನ ಮನೆಯಲ್ಲೂ ಹುಳು ಮೇಯಿಸುತ್ತಿದ್ದರು. ಅವನು ಹಿಂತಿರುಗಿ ಬುಟ್ಟಿಗೆ ಕೈ ಮುಗಿದು, ಬಸ್ಸನ್ನು ಎತ್ತಿನ ಗಾಡಿಯ ಹಾಗೆ ಬಿಟ್ಟ. ಹಳ್ಳ ಬಂದರೆ ಸುತ್ತಿಕೊಂಡು ಹೋದ. ಹಾರನ್ನು ಒತ್ತಬೇಕಾದಲ್ಲಿ ಕಂಡಕ್ಟರ್ ಸೋಮಯ್ಯ ಕಿಟಕಿಯಿಂದ ತಲೆ ಹಾಕಿ "ಸರ್ಕೊಳ್ರಪ್ಪೋ" ಎಂದು ಮೆಲ್ಲಗೆ ಹೇಳಿದ.

ಮೂರು ಮೈಲಿ ಹೋದ ಮೇಲೆ ಚಿಕ್ಕನಿಂಗಮ್ಮನಿಗೆ ಇನ್ನೊಂದು ಯೋಚನೆ ಬಂತು. "ಬುದ್ಧಿ, ಬೆಳಗಿನ ಸೊಪ್ಪು ಹಾಕಿದ್ರಾ?"

"ಹೌ..." ಎಂದು ಮರಿಮಲ್ಲಪ್ಪ ಬಾಯಿ ತೆರೆದ. ಹೆಂಡತಿಯ ಮೊಣಕೈ ತಗುಲಿ ಅರ್ಧಕ್ಕೇ ನಿಂತ.

"ಹಾಕಿಲ್ಲ! ಮುಖ ನೋಡುದ್ರೆ ಗೊತ್ತಾಯ್ತದೆ!" ಎಂದು ಅವಳು ಎದ್ದೇ ನಿಂತಳು. "ನಿಲ್ಸು ಬೀರಣ್ಣ! ಉಳ ಅಸ್ಕಂಡವೆ!"

ರಸ್ತೆಯ ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿತ್ತು. ಕೋರ್ಟಿಗೆ ಹೊರಟಿದ್ದವರು, ನೆಂಟರ ಮನೆಗೆ ಹೊರಟಿದ್ದವರು, ಅರಿಸಿನದ ವ್ಯಾಪಾರಿಯೊಬ್ಬ, ಎಲ್ಲರೂ ಪಂಚೆ ಎತ್ತಿ ಕಟ್ಟಿ ಇಳಿದರು. ತೋಟದವನು ಕೂಗಾಡಿಕೊಂಡು ಓಡಿ ಬಂದ. ವಿಷಯ ತಿಳಿದ ಮೇಲೆ ತಾನೇ ಒಂದು ಹೊರೆ ಕೊಯ್ದು ತಂದ. ಚಿಕ್ಕನಿಂಗಮ್ಮ ಕಣ್ಣು ಮುಚ್ಚಿಕೊಂಡು, ತನ್ನ ಕಣ್ಣೂ ಬೀಳಬಾರದಲ್ಲ, ಮುಚ್ಚಳವನ್ನು ನಾಲ್ಕು ಬೆರಳಗಲ ಎತ್ತಿ ಸೊಪ್ಪನ್ನು ಒಳಗೆ ತುರುಕಿದಳು.

ಗುಂಡ್ಲುಪೇಟೆ ಬಿಟ್ಟಾಗಿನಿಂದ ಗಂಭೀರವಾಗಿ ಕೂತಿದ್ದ ಪುಟ್ಟಿಗೆ ಇದನ್ನು ಸಹಿಸಲಾಗಲಿಲ್ಲ. ಮೈಮೇಲೆ ಬಿದ್ದ ಸೊಪ್ಪನ್ನು ಉಗುರಿನಿಂದ ಕೆರೆದು ಕೆರೆದು ಮೂಲೆಗೆ ತಳ್ಳತೊಡಗಿತು. ಬುಟ್ಟಿಯೊಳಗಿನಿಂದ ಪರಪರ, ಪರಪರ ಎಂಬ ಸದ್ದು ಬಂತು.

"ಶ್!" ಎಂದಳು ಚಿಕ್ಕನಿಂಗಮ್ಮ. ದೊಡ್ಡಬೀರಯ್ಯ ಎಂಜಿನ್ನು ಆರಿಸಿದ. "ಕೇಳ್ರಪ್ಪಾ. ಎಲೆ ಮೇಲೆ ಮಳೆ ಉಯ್ದಂಗೆ! ಎಂತಾ ಮೇವು ಮೇಯ್ತವೆ! ಮೂವತ್ತು ವರ್ಷದಲ್ಲಿ ಇಂಗೆ ತಿನ್ನೋ ಉಳನ ನಾ ಕೇಳೇ ಇಲ್ಲ."

ಇಡೀ ಬಸ್ಸು ಉಸಿರು ಹಿಡಿದು ಕೇಳಿತು. ಅರಿಸಿನದ ವ್ಯಾಪಾರಿ ಟೋಪಿ ತೆಗೆದ. ಶಿವರುದ್ರಮ್ಮನಿಗೆ ನಗು ಎಷ್ಟು ಒತ್ತಿ ಬಂತೆಂದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದನ್ನು ಕಂಡ ಚಿಕ್ಕನಿಂಗಮ್ಮ "ಅಳಬ್ಯಾಡ ಕನವ್ವ, ಬದುಕ್ಕತವೆ," ಎಂದು ಬೆನ್ನು ಸವರಿದಳು.

ಮುಂದಿನ ಏರನ್ನು ಬಸ್ಸು ಬಸುರಿ ಹೆಂಗಸಿನ ಹಾಗೆ ಹತ್ತಿತು. ಎಲ್ಲವೂ ಚೆನ್ನಾಗಿಯೇ ಇತ್ತು, ತೆರಕಣಾಂಬಿ ಬರುವವರೆಗೆ.

ತೆರಕಣಾಂಬಿಯಲ್ಲಿ ರೇಷ್ಮೆ ಇನ್‌ಸ್ಪೆಕ್ಟರ್ ಗುರುಪಾದಸ್ವಾಮಿ ಹತ್ತಿದರು. ಖಾಕಿ ಕೋಟು, ಅದರ ಜೇಬಿನಲ್ಲಿ ದಾರ ಕಟ್ಟಿದ ಭೂತಗನ್ನಡಿ. ನಾಲ್ಕನೇ ಜ್ವರ ಎದ್ದ ಹುಳು ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದೆ ಎಂದು ಹನ್ನೆರಡು ಬಾಯಿ ಒಟ್ಟಿಗೇ ಅವರಿಗೆ ಹೇಳಿದವು.

"ಹುಳುವನ್ನ ಬಸ್ಸಿನಲ್ಲಾ?" ಅವರ ಹುಬ್ಬು ಮೇಲೇರಿತು. "ಮೊಟ್ಟೆ ತಂದದ್ದು ಎಲ್ಲಿಂದ? ಸರ್ಕಾರಿ ಮೊಟ್ಟೆಯೋ?"

"ಹೌದೌದು," ಎಂದ ಮರಿಮಲ್ಲಪ್ಪ.

"ಅಥವಾ ಖಾಸಗಿಯವರದೋ?"

"ಹೌದೌದು."

"ಎರಡೂ ಹೇಗ್ರೀ ಆಗುತ್ತೆ? ರೋಗದ ಹುಳು ಊರಿಂದೂರಿಗೆ ಹೋಗೋದೇ ಹೀಗೆ. ತೆಗೀರಿ ಬಟ್ಟೆ!"

"ಕಣ್ಣಾಯ್ತದೆ ಸ್ವಾಮೀ!" ಎಂದು ಚಿಕ್ಕನಿಂಗಮ್ಮ ಅಡ್ಡ ಬಂದಳು.

"ಸರ್ಕಾರದ ಕಣ್ಣು ಯಾರಿಗೂ ತಗಲೋದಿಲ್ಲ," ಎಂದು ಗುರುಪಾದಸ್ವಾಮಿಗಳು ಮೊಣಕಾಲೂರಿ, ಮುಚ್ಚಳ ಸರಿಸಿ, ಭೂತಗನ್ನಡಿಯನ್ನು ಒಂದು ಕಣ್ಣಿಗೆ ಹಿಡಿದು ಬುಟ್ಟಿಯೊಳಗೆ ಬಗ್ಗಿದರು.

ಗಾಜಿನ ಆ ಬದಿಯಿಂದ ತಟ್ಟೆಯಷ್ಟು ಅಗಲದ ಹಸಿರು ಕಣ್ಣೊಂದು ಅವರನ್ನು ನೋಡಿತು.

ಗುರುಪಾದಸ್ವಾಮಿಗಳು ಇಲಾಖೆಯಲ್ಲಿ ಹದಿನಾರು ವರ್ಷ ಕಳೆದವರು. ಅವರು ಓದಿದ ಯಾವ ಪುಸ್ತಕದಲ್ಲೂ ಮೀಸೆ ಇರುವ ರೇಷ್ಮೆ ಹುಳುವಿನ ಪ್ರಸ್ತಾಪವಿರಲಿಲ್ಲ. ಕನ್ನಡಿಯನ್ನು ಒರೆಸಿ ಮತ್ತೊಮ್ಮೆ ನೋಡಿದರು. ಈ ಸಲ ಹುಳು "ಮ್ಯಾವ್" ಎಂದಿತು.

ಆಮೇಲೆ ಆದದ್ದಕ್ಕೆ ಸರಿಯಾದ ಸಾಕ್ಷಿ ಯಾರೂ ಇಲ್ಲ. ಪುಟ್ಟಿ ಇನ್‌ಸ್ಪೆಕ್ಟರರ ಹೆಗಲ ಮೇಲಿಂದ ನೆಗೆದು, ಸುಣ್ಣದ ಡಬ್ಬಿಯ ಮುದುಕನ ತಲೆ ತುಳಿದು, ಡ್ರೈವರನ ಮುಂದಿನ ಗಾಜಿನ ಬಳಿ ಎಡದಿಂದ ಬಲಕ್ಕೆ ನಡೆದು ಹೋಗಿ ಕೂತಿತು. ಎಡದಿಂದ ಬಲಕ್ಕೆ ಎಂಬುದನ್ನು ದೊಡ್ಡಬೀರಯ್ಯ ಸ್ಪಷ್ಟವಾಗಿ ನೋಡಿದ.

"ಬೆಕ್ಕು! ಅಡ್ಡ ಬಂತು! ಬಸ್ಸಿನ ಒಳಗೇ ಅಡ್ಡ ಬಂತು!" ಅವನು ಕೆಳಗೆ ಹಾರಿ ನಿಂತ. "ನಾ ಓಡ್ಸಲ್ಲ. ಇಳುಸ್ರಿ ಅದುನ್ನ. ಇಲ್ಲೇ ಬುಟ್ಬುಟ್ಟು ಹೋಗನ."

"ಮೂವತ್ತು ವರ್ಷ!" ಎಂದು ಚಿಕ್ಕನಿಂಗಮ್ಮ ಎದೆ ಬಡಿದುಕೊಂಡಳು. "ಮೂವತ್ತು ವರ್ಷ ಉಳ ಮೇಯ್ಸಿ ಬೆಕ್ಕಿಗೆ ಸೊಪ್ಪು ತಿನ್ನುಸ್ಬುಟ್ನಲ್ಲಪ್ಪೋ!"

ಎಲ್ಲರೂ ಮರಿಮಲ್ಲಪ್ಪನ ಕಡೆ ತಿರುಗಿದರು. "ಇಳ್ಸಿ ಬುದ್ಧಿ!" "ಇಲ್ಲೇ ಬುಡಿ!" "ಬುಡ್ತೀರಾ?"

ಅವನು ಮನೆಗೆ ಬೆಂಕಿ ಬಿದ್ದವನಂತೆ ಸುತ್ತ ನೋಡಿ, "ಹೌದೌ..." ಎಂದ. ಶಿವರುದ್ರಮ್ಮ ಎದ್ದು ನಿಂತಳು.

"ಸೋಮಣ್ಣ," ಎಂದು ಅವಳು ಕರೆದದ್ದು ಕಂಡಕ್ಟರನ್ನು. "ಹಿಂದ್ಗಡೆ ಏರಲ್ಲಿ ದಿನಾ ಈ ಬಸ್ಸು ಕುದ್ದು ನಿಂತ್ಕತದೆ ಅಲ್ವಾ?"

"ದಿನಾ ಕಣವ್ವ. ಡಬ್ಬ ಎತ್ಕಂಡು ನೀರ್ಗೆ ಕಟ್ಟೆಗೆ ಓಗಿ ಓಗಿ ನನ್ ಸೊಂಟ ಬಿದ್ದೋಗದೆ."

"ಇವತ್ತು ಎಷ್ಟು ಸಲ ಹೋದೆ?"

ಸೋಮಯ್ಯ ಡಬ್ಬವನ್ನು ಎತ್ತಿ ನೋಡಿದ. ಮೆಲ್ಲಗೆ ತಲೆಕೆಳಗು ಮಾಡಿದ. ಒಂದು ಹನಿಯೂ ಬೀಳಲಿಲ್ಲ. "ಅಣ್ಣಾ," ಎಂದ ದೊಡ್ಡಬೀರಯ್ಯನಿಗೆ, ದನಿ ಇಳಿಸಿ, "ಇವತ್ತು ನಾ ಇಳ್ದೇ ಇಲ್ಲ."

"ಬೆಕ್ಕು ಅಡ್ಡ ಬಂದ್ರೆ ಕೆಟ್ಟದು. ನಾನೂ ಒಪ್ತೀನಿ," ಎಂದಳು ಶಿವರುದ್ರಮ್ಮ. "ಇದು ಅಡ್ಡ ಬಂದದ್ದಲ್ಲ ಬೀರಣ್ಣ, ಗುಂಡ್ಲುಪೇಟೆಯಿಂದ ಜೊತೇಲಿ ಬಂದದ್ದು. ಬಸ್ಸು ಕುದೀಲಿಲ್ಲ, ಟೈರು ಹೋಗ್ಲಿಲ್ಲ. ಇಲ್ಲಿ ಇದನ್ನ ಇಳ್ಸಿ ಮುಂದುಕ್ಕೆ ಹೋದ್ರೆ ಏನಾಯ್ತದೋ ನಾ ಹೇಳಲಾರೆ. ನಿಮ್ಮ ಇಷ್ಟ."

ಬಸ್ಸು ಕುದಿಯದೆ ಇದ್ದದ್ದು ಎತ್ತಿನ ಗಾಡಿಯ ಹಾಗೆ ಬಂದದ್ದರಿಂದ ಎಂಬುದು ಅವಳಿಗೆ ಗೊತ್ತಿತ್ತು. ಇನ್‌ಸ್ಪೆಕ್ಟರರಿಗೂ ಹೊಳೆದಿರಬೇಕು. ಅವರು ಬಾಯಿ ತೆರೆದರು. ಆದರೆ ಈಗತಾನೆ ಬೆಕ್ಕಿನ ಕಣ್ಣಲ್ಲಿ ಹುಳುವಿನ ರೋಗ ಹುಡುಕಿದವರ ಮಾತಿಗೆ ಬೆಲೆ ಎಷ್ಟಿರುತ್ತದೆಂದು ಲೆಕ್ಕ ಹಾಕಿ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಕೂತರು.

ದೊಡ್ಡಬೀರಯ್ಯ ಬಸ್ಸನ್ನು ಒಂದು ಸುತ್ತು ಬಂದ. ರೇಡಿಯೇಟರನ್ನು ಮುಟ್ಟಿ ನೋಡಿದ. ಆಮೇಲೆ ಹತ್ತಿ, ತಾನು ದಿನಾ ಇಟ್ಟುಕೊಳ್ಳುತ್ತಿದ್ದ ವಿಭೂತಿಯಲ್ಲಿ ಒಂದು ಬೆರಳು ಅದ್ದಿ, ಬೆಕ್ಕಿನ ಹಣೆಗೆ ಹಚ್ಚಿದ. ಪುಟ್ಟಿ ಅದನ್ನು ಒಪ್ಪದ ಮುಖದಿಂದಲೇ ಸ್ವೀಕರಿಸಿತು.

"ಓಗನ," ಎಂದ. "ಮೆತ್ತುಗೇ ಓಗನ."

ಚಿಕ್ಕನಿಂಗಮ್ಮ ಒಂದು ಮೈಲಿಯವರೆಗೆ ಬೆಕ್ಕನ್ನೇ ದಿಟ್ಟಿಸಿದಳು. ಆಮೇಲೆ, "ಇಲಿ ಹಿಡಿತದಾ?" ಎಂದಳು.

"ಅದರ ಮನಸ್ಸು ಬಂದ್ರೆ," ಎಂದಳು ಶಿವರುದ್ರಮ್ಮ.

"ನಮ್ಮ ಉಳದ ಮನೇಲಿ ಇಲಿ ಕಾಟ ತಡೆಯಕ್ಕಾಗಕಿಲ್ಲ. ಮರಿ ಹಾಕುದ್ರೆ ನಂಗೊಂದು ಮಡ್ಗು. ಸೊಪ್ಪು ಹಾಕಿದ್ದು ನಾನೇ ಅಲ್ವಾ?"

ಅಷ್ಟರಲ್ಲಿ ಪುಟ್ಟಿ ಮುಂದಿನ ಗಾಜಿನಿಂದ ಇಳಿದು ಬಂತು. ಶಿವರುದ್ರಮ್ಮ ಮಡಿಲು ಸರಿಮಾಡಿಕೊಂಡಳು. ಅದು ಅವಳನ್ನು ದಾಟಿ ಹೋಗಿ ಮರಿಮಲ್ಲಪ್ಪನ ತೊಡೆ ಹತ್ತಿ, ಎರಡು ಸುತ್ತು ಸುತ್ತಿ, ಮುದುರಿ ಮಲಗಿತು. ಆರು ವರ್ಷದಲ್ಲಿ ಎಂದೂ ಹಾಗೆ ಮಾಡಿರಲಿಲ್ಲ. ಅವನು ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಏನು ಮಾಡಬೇಕೆಂದು ಹೆಂಡತಿಯನ್ನು ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕೈ ನಿಧಾನವಾಗಿ ಬೆಕ್ಕಿನ ಬೆನ್ನ ಮೇಲೆ ಇಳಿಯಿತು. ಎಡಗಾಲು ಜೋಮು ಹಿಡಿದರೂ ಚಾಮರಾಜನಗರದವರೆಗೆ ಅವನು ಅಲುಗಲಿಲ್ಲ.

ಎಲ್ಲೂ ಕೆಟ್ಟು ನಿಲ್ಲದ ಕಾರಣ ಬಸ್ಸು ಎಂದಿಗಿಂತ ಕಾಲು ಗಂಟೆ ಮುಂಚೆಯೇ ಮುಟ್ಟಿತು. ಆದರೂ ದೊಡ್ಡಮಲ್ಲಮ್ಮ ಆಗಲೇ ಬಂದು ಜಟಕಾದ ಪಕ್ಕದಲ್ಲಿ ನಿಂತಿದ್ದಳು. ಮರಿಮಲ್ಲಪ್ಪನಿಗೆ ಹನ್ನೆರಡು ವರ್ಷ ದೊಡ್ಡವಳು. ಅವನಿಗೆ ಬಾಲ್ಯದಲ್ಲಿ 'ಹೌದು' ಕಲಿಸಿದವಳೇ ಅವಳು.

ಶಿವರುದ್ರಮ್ಮ ಗಂಡನ ಪಕ್ಕದಲ್ಲೇ ಇಳಿಯಬೇಕೆಂದುಕೊಂಡಿದ್ದಳು. ಟಾಪಿನಿಂದ ಟ್ರಂಕು ಇಳಿಸುವವರು "ಅವ್ವಾ, ಇದು ನಿಮ್ಮದಾ?" ಎಂದು ಕೂಗಿದರು. ಅವಳು ಅತ್ತ ಹೋದಳು. ಮತ್ತೆ ಎರಡೇ ನಿಮಿಷ. ತಿರುಗಿ ನೋಡಿದಾಗ ದೊಡ್ಡಮಲ್ಲಮ್ಮ ತಮ್ಮನ ಎದೆಗೆ ತಗಲುವಷ್ಟು ಹತ್ತಿರ ನಿಂತಿದ್ದಳು. ಅವನ ತೋಳಿನಲ್ಲಿ, ಹಣೆಗೆ ವಿಭೂತಿ ಇಟ್ಟುಕೊಂಡ ಪುಟ್ಟಿ ಇತ್ತು. ಬಸ್ಸು, ಡ್ರೈವರು, ಸರ್ಕಾರ ಎಲ್ಲವನ್ನೂ ಗೆದ್ದು ಬಂದವಳು ಹತ್ತು ಹೆಜ್ಜೆ ದೂರದಿಂದ ಸೋಲುತ್ತಿದ್ದಳು.

"ಬೆಕ್ಕನ್ನ ಬುಟ್ಟು ಬತ್ತೀನಿ ಅಂತ ಬರ್ದಿದ್ದೆ ತಾನೆ?" ಎಂದಳು ದೊಡ್ಡಮಲ್ಲಮ್ಮ.

"ಹೌದು ಅಕ್ಕ."

"ಇದು ಬೆಕ್ಕು ತಾನೆ?"

"ಹೌದು."

"ಇದೇ ಬಸ್ನಲ್ಲಿ ವಾಪಸ್ ಕಳ್ಸುಬುಡು. ಕಳುಸ್ತೀಯಾ?"

ಬಸ್ಸಿನ ಕಿಟಕಿಗಳಿಂದ ಚಿಕ್ಕನಿಂಗಮ್ಮ, ಸೋಮಯ್ಯ, ಸುಣ್ಣದ ಡಬ್ಬಿಯ ಮುದುಕ, ಕೊನೆಗೆ ಇನ್‌ಸ್ಪೆಕ್ಟರರೂ ತಲೆ ಹಾಕಿದ್ದರು. ಮರಿಮಲ್ಲಪ್ಪ ಬಾಯಿ ತೆರೆದ. ಮುಚ್ಚಿದ. ಜೋಮು ಹಿಡಿದ ಕಾಲನ್ನು ಒಮ್ಮೆ ಕೊಡವಿದ. ತೋಳಿನಲ್ಲಿದ್ದ ಬೆಕ್ಕು ತಲೆ ಎತ್ತಿ ಅವನ ಮುಖವನ್ನೇ ನೋಡಿತು.

"ಇಲ್ಲ," ಎಂದ.

ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಅದು ದೊಡ್ಡ ಮಾತೆನಿಸಲಿಲ್ಲ. ಅಕ್ಕನಿಗೆ ಮಾತ್ರ ಕೇಳಿದ್ದು ನಂಬಿಕೆಯಾಗಲಿಲ್ಲ.

"ಏನಂದೆ?"

"ಇಲ್ಲ ಅಂದೆ ಅಕ್ಕ. ಕಳಿಸಲ್ಲ." ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತೆಂದು ಕಾಣುತ್ತದೆ. ಯಾರು ಮಾತಾಡಿದ್ದೆಂದು ಹಿಂದೆ ತಿರುಗಿ ನೋಡಿದ.

ದೊಡ್ಡಮಲ್ಲಮ್ಮ ಅವನ ಹಣೆ ಮುಟ್ಟಿ ನೋಡಿದಳು. ಕೊರಳು ಮುಟ್ಟಿ ನೋಡಿದಳು. ಓಡಿ ಬಂದ ನಾದಿನಿಯ ಕಡೆ ತಿರುಗಿ, ಮೆಲ್ಲಗೆ, "ಇವನಿಗೆ ಮೈ ನೆಟ್ಟಗಿಲ್ವೇನಮ್ಮಿ?" ಎಂದಳು.

"ಇವತ್ತಷ್ಟೇ ನೆಟ್ಟಗಾಗದೆ ಅಕ್ಕ," ಎಂದಳು ಶಿವರುದ್ರಮ್ಮ.

"ಬಿಸ್ಲು ಹತ್ಕಂಡದೆ. ಮೊದ್ಲು ಮನೆಗೆ ನಡೀರಿ, ಒಂದ್ ಲೋಟ ಮಜ್ಜಿಗೆ ಕುಡೀಲಿ." ಅವಳು ಜಟಕಾ ಹತ್ತಿ ಮುಂದೆ ಕೂತಳು. ಬೆಕ್ಕಿನ ಕಡೆ ನೋಡದೆ, "ಅದನ್ನೂ ಎತ್ಕಳ್ರಿ. ಬೀದೀಲಿ ನಿಂತ್ಕಂಡು ಏನ ತೀರ್ಮಾನ ಮಾಡದು? ಪೂಜೆ ಹಾಲ್ನ ಇನ್ ಮೇಲೆ ಮುಚ್ಚಿ ಮಡುಗ್ತೀನಿ," ಎಂದಳು.

"ಅವ್ವೋ!" ಎಂದು ದೊಡ್ಡಬೀರಯ್ಯ ಹಿಂದಿನಿಂದ ಕೂಗಿದ. "ವಾಪಸ್ ಓಗೋವಾಗ ಆ ಏರು ಇಳೀಬೇಕು. ಬೆಕ್ಕ ಒಂದು ಟ್ರಿಪ್ಪು ಕೊಡಕಿಲ್ವಾ?"

ಜಟಕಾ ಹೊರಟಿತು. ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಗಂಡ ಹೆಂಡತಿ ಹಿಂದೆ ಕೂತಿದ್ದರು. ಮತ್ತೆ ಅದರೊಳಗೆ ಸೇರಿದ ಪುಟ್ಟಿ ಉಳಿದ ಸೊಪ್ಪಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿತ್ತು. ಪರಪರ, ಪರಪರ.

ಒಂದು ಬೀದಿ ಕಳೆದ ಮೇಲೆ ಮರಿಮಲ್ಲಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಲೇ, ಅಕ್ಕ ನಾಳೆ ಮತ್ತೆ ಕೇಳಿದ್ರೆ?"

"ಮತ್ತೆ ಹಂಗೇ ಹೇಳಿ."

"ಬರುತ್ತೆ ಅಂತೀಯಾ?"

ಶಿವರುದ್ರಮ್ಮ ಅವನ ಮುಖವನ್ನು, ಕೋಟಿಗೆ ಅಂಟಿದ ಬೂದು ಕೂದಲನ್ನು ನೋಡಿದಳು. ಇಪ್ಪತ್ತನಾಲ್ಕು ವರ್ಷ ಕೇಳಿ ಕೇಳಿ ಸಾಕಾಗಿದ್ದ ಮಾತೊಂದು ತಾನೇ ತಾನಾಗಿ ಅವಳ ಬಾಯಿಗೆ ಬಂತು.

"ಹೌದೌದು," ಎಂದಳು.